ಅಂಚಿಲ್ಲದ ಕೊಳ

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಮಧ್ಯವಯಸ್ಸಿನ ಹೆಂಗಸೊಬ್ಬರು ಠಾಣೆಗೆ ಬಂದು, ತಮ್ಮ ಗಂಡ ಕಾಣೆಯಾಗಿದ್ದಾರೆಂದು ದೂರು ಕೊಟ್ಟರು. ಗಂಡನ ಕಸುಬು ಈಜುಕೊಳಗಳ ವಿನ್ಯಾಸ. ಕೆರೆಯ ಮೇಲಿನ ದಿಬ್ಬದಲ್ಲಿರುವ ಅತಿಥಿಗೃಹಕ್ಕೆ ಹೋಗಿ ಬರುತ್ತೇನೆಂದು ಭಾನುವಾರ ಹೊರಟವರು ಹಿಂತಿರುಗಿರಲಿಲ್ಲ. ಅಲ್ಲಿಯ ಕೊಳವೂ ಅವರೇ ಮಾಡಿದ್ದು. ಬಾಡಿಗೆ ಕಾರಿನವನು ಗೇಟಿನ ಮುಂದೆ ಇಳಿಸಿ ಬಂದಿದ್ದ. ಅಂದು ಮಧ್ಯಾಹ್ನದಿಂದ ಫೋನು ಸತ್ತಿತ್ತು.

ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು.

“ಅಲ್ಲಿಗೆ ಯಾಕೆ ಹೋದರು?”

“ಆ ಮನೆ ಮಗಳಿಗೆ ಏನೋ ತೋರಿಸಬೇಕು ಅಂದ್ರು. ಬಾಯಲ್ಲಿ ಹೇಳಿದ್ರೆ ನಂಬಲ್ಲ, ಕಣ್ಣಿಗೇ ತೋರಿಸ್ತೀನಿ ಅಂದ್ರು.”

“ಏನನ್ನ?”

“ಕೇಳ್ದೆ ಸಾರ್. ಹೇಳ್ಲಿಲ್ಲ. ಒಂದು ವರ್ಷದಿಂದ ಹೊಟ್ಟೇಲಿಟ್ಕೊಂಡಿದ್ದೀನಿ, ಇನ್ನಾಗಲ್ಲ ಅಂದ್ರು.”

ಬಾಗಿಲಲ್ಲಿ ನಿಂತಿದ್ದ ದಫೇದಾರರು ಕೆಮ್ಮಿದರು. ನಿವೃತ್ತಿಗೆ ಹತ್ತಿರವಾಗಿದ್ದ ಅವರಿಗೆ ಆ ಠಾಣೆಯ ಸರಹದ್ದಿನ ಪ್ರತಿ ಸಾವೂ ನೆನಪಿತ್ತು. ಹೆಂಗಸು ಹೊರಗೆ ಹೋದ ಮೇಲೆ ಹೇಳಿದರು: ಹೋದ ವರ್ಷ ಆ ಕೊಳದಲ್ಲಿ ಮೂರು ವರ್ಷದ ಹೆಣ್ಣು ಮಗುವೊಂದು ಮುಳುಗಿ ಸತ್ತಿತ್ತು. ಅತಿಥಿಗೃಹದ ಒಡತಿಯ ಮೊಮ್ಮಗಳು. ಆಕಸ್ಮಿಕ ಸಾವೆಂದು ಮಹಜರು ಬರೆದವರು ದಫೇದಾರರೇ. ಮಗುವಿನ ತಾಯಿ ಅದನ್ನು ಒಪ್ಪಿರಲಿಲ್ಲ. ಕೊಳಕ್ಕೆ ಒಂದು ತಡೆಯನ್ನೂ ಇಡದೆ ಚಂದಕ್ಕಾಗಿ ಮಗುವನ್ನು ಬಲಿಕೊಟ್ಟರೆಂದು ವಿನ್ಯಾಸಗಾರರ ಮೇಲೆ ಇತ್ತೀಚೆಗೆ ನ್ಯಾಯಾಲಯದಲ್ಲಿ ದಾವೆ ಹೂಡಿದ್ದಳು.

“ಅವಳಿಗೆ ಈಗ ಯಾರಿದ್ದಾರೆ?”

“ಗಂಡ ಆರು ತಿಂಗಳಿಗೇ ದೂರ ಆದ. ಅಮ್ಮ ಒಬ್ರೇ ಸಾರ್. ಅಮ್ಮನ ಮನೇಲೇ ಇದ್ದಾಳೆ.”

ಕಾಣೆಯಾದವರ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್, ದಫೇದಾರರು ಮತ್ತು ಮಹಿಳಾ ಕಾನ್‌ಸ್ಟೇಬಲ್ ಹನ್ನೊಂದಕ್ಕೆ ಜೀಪು ಹತ್ತಿದರು.

ಅತಿಥಿಗೃಹ ದಿಬ್ಬದ ನೆತ್ತಿಯಲ್ಲಿತ್ತು. ಮುಂದೆ ಅಗಲವಾದ ಜಗಲಿ, ಜಗಲಿಗೆ ಕರಿಕಲ್ಲಿನ ನುಣುಪು ನೆಲ. ಇನ್ಸ್‌ಪೆಕ್ಟರ್ ಕೆಳಗಿನ ಕೆರೆಯನ್ನು ನೋಡುತ್ತ ನಾಲ್ಕು ಹೆಜ್ಜೆ ನಡೆದರು. ಐದನೆಯದಕ್ಕೆ ದಫೇದಾರರು ತೋಳು ಹಿಡಿದು ಎಳೆದರು. ಬೂಟಿನ ಮೂತಿ ಆಗಲೇ ಒದ್ದೆಯಾಗಿತ್ತು.

“ನೋಡ್ಕೊಂಡು ಸಾರ್. ಕೊಳ ಇಲ್ಲೇ ಶುರು.”

ಎಲ್ಲಿ ಕಲ್ಲು ಮುಗಿದು ನೀರು ಮೊದಲಾಗುತ್ತದೆಂದು ಹೇಳುವಂತಿರಲಿಲ್ಲ. ಕೊಳದ ತಳವೂ ಅದೇ ಕರಿಕಲ್ಲು. ನೀರು ನೆಲದ ಮಟ್ಟಕ್ಕೇ ತುಂಬಿ ನಿಂತಿತ್ತು. ಕೆಳಗಿನ ಕೆರೆಯ ದಂಡೆ ಹೇಗೆ ಬಾಗಿತ್ತೋ ಕೊಳದ ಆಚೆಯ ಅಂಚನ್ನೂ ಹಾಗೆಯೇ ಬಗ್ಗಿಸಿದ್ದರು. ಜಗಲಿಯಲ್ಲಿ ಕೂತವರಿಗೆ ಕಾಲಬುಡದಿಂದ ಎದುರಿನ ಗುಡ್ಡದವರೆಗೆ ಒಂದೇ ನೀರು ಹಾಸಿದಂತೆ ಕಾಣುತ್ತಿತ್ತು. ಆ ನೋಟಕ್ಕಾಗಿಯೇ ಜನ ದೂರದೂರದಿಂದ ಬರುತ್ತಿದ್ದರು.

ಒಡತಿ ಅರವತ್ತು ದಾಟಿದ ವಿಧವೆ. ಸಾಮಾನು ಇಳಿಸುವ ಕೂಲಿಯಿಂದ ಹಿಡಿದು ದೊಡ್ಡ ಅತಿಥಿಗಳವರೆಗೆ ಎಲ್ಲರೂ ಆಕೆಯನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಮೆತ್ತೆಯ ಬೆತ್ತದ ಕುರ್ಚಿಯಲ್ಲಿ ಕೂತು, ಪೊಲೀಸರಿಗೂ ಕುರ್ಚಿ ಹಾಕಿಸಿದರು.

“ಬಂದಿದ್ರು. ನನ್ನ ಮಗಳು ಮನೇಲಿರ್ಲಿಲ್ಲ. ಸ್ವಲ್ಪ ಹೊತ್ತು ಕಾದು, ಕಾಲುದಾರೀಲಿ ಇಳಿದು ಹೋದ್ರು.”

“ಏನು ಮಾತಾಡಿದರು?”

“ಏನೂ ಇಲ್ಲ. ನಾನು ಅವರ ಮುಖ ನೋಡೋದೇ ಬಿಟ್ಟಿದ್ದೆ.”

ಕಾಫಿ ಬಂತು. ಕುಡಿಯುತ್ತ ಇನ್ಸ್‌ಪೆಕ್ಟರ್ ಕೊಳವನ್ನೇ ನೋಡುತ್ತಿದ್ದರು. ಇಂಥ ಕೊಳದಲ್ಲಿ ನೀರು ಸದಾ ಆಚೆಯ ಅಂಚಿನ ಮೇಲಿಂದ ತೆಳ್ಳಗೆ ಚೆಲ್ಲುತ್ತಿರಬೇಕು. ಚೆಲ್ಲಿದ ನೀರು ನೆಲದಡಿಯ ತೊಟ್ಟಿಗೆ ಇಳಿಯುತ್ತದೆ, ಮೋಟರು ಅದನ್ನು ತಿರುಗಿ ಮೇಲಕ್ಕೆ ತರುತ್ತದೆ. ಅಂದು ನೀರು ಚೆಲ್ಲುತ್ತಿರಲಿಲ್ಲ.

“ಮೋಟರು ಸುಟ್ಟುಹೋಗಿದೆ,” ಎಂದರು ಒಡತಿ, ಕೇಳುವ ಮೊದಲೇ.

ಇನ್ಸ್‌ಪೆಕ್ಟರ್ ಲೋಟ ಕೆಳಗಿಟ್ಟು ಮೋಟರಿನ ಕೋಣೆಗೆ ಇಳಿದರು. ಸುಟ್ಟ ತಂತಿಯ ಕಮಟು ಇರಲಿಲ್ಲ. ಸ್ವಿಚ್ಚು ಒತ್ತಿದರೆ ಮೋಟರು ಸರಿಯಾಗಿಯೇ ಗುಂಯ್ ಎಂದಿತು. ನೀರು ಮಾತ್ರ ಏರಲಿಲ್ಲ. ಹಿಂದೆ ಬಂದಿದ್ದ ತೋಟದವನು ಕಿವಿಗೊಟ್ಟು ಕೇಳಿದ.

“ಸುಟ್ಟಿಲ್ಲ ಸಾರ್. ತೊಟ್ಟೀಲಿ ಕೊಳವೆ ಬಾಯಿಗೆ ಏನೋ ಸಿಕ್ಕೊಂಡಿದೆ.”

ತೊಟ್ಟಿಗೆ ನೆಲದಲ್ಲೊಂದು ಕಬ್ಬಿಣದ ಮುಚ್ಚಳವಿತ್ತು. ಅದಕ್ಕೆ ಹೊರಗಿನಿಂದ ಅಗುಳಿ ಹಾಕಿತ್ತು. ಅಗುಳಿ ಸರಿಸಿ ಮುಚ್ಚಳ ಎತ್ತಿದಾಗ ಬಂದ ವಾಸನೆಗೆ ಮಹಿಳಾ ಕಾನ್‌ಸ್ಟೇಬಲ್ ಸೆರಗಿಲ್ಲದ ಭುಜಕ್ಕೆ ಕೈ ಹಾಕಿ, ಕೊನೆಗೆ ಅಂಗೈಯಲ್ಲೇ ಮೂಗು ಮುಚ್ಚಿಕೊಂಡಳು. ಕೊಳವೆಯ ಬಾಯಿ ಹಿಡಿದುಕೊಂಡಿದ್ದುದು ಅಂಗಿಯ ತೋಳನ್ನು. ತೋಳಿನೊಳಗೆ ಕೈಯಿತ್ತು.

ಪಂಚರನ್ನು ಕರೆಸಿ ಪಂಚನಾಮೆ ಬರೆಯುವ ಹೊತ್ತಿಗೆ ಎರಡು ಗಂಟೆ. ಶವದ ಕಾಲಲ್ಲಿ ಬೂಟು ಇರಲಿಲ್ಲ. ಎರಡೂ ಕೈಗಳ ಗೆಣ್ಣುಗಳು ಸುಲಿದು ಎಲುಬು ಕಾಣುತ್ತಿತ್ತು, ಉಗುರುಗಳು ಕಿತ್ತುಬಂದಿದ್ದವು. ಮುಚ್ಚಳದ ಒಳಮೈಯ ತುಕ್ಕಿನಲ್ಲಿ ಕೆರೆದ ಗೆರೆಗಳು ಹೊಸದಾಗಿ ಹೊಳೆಯುತ್ತಿದ್ದವು. ಮುಚ್ಚಳ ಮುಚ್ಚಿದಾಗ ಮನುಷ್ಯನಿಗೆ ಜೀವವಿತ್ತು ಎಂಬುದನ್ನು ಹೇಳಲು ವೈದ್ಯರು ಬೇಕಿರಲಿಲ್ಲ.

“ಈಜು ಬರ್ತಿರ್ಲಿಲ್ವಂತೆ ಪುಣ್ಯಾತ್ಮನಿಗೆ. ಹೆಂಡತಿ ಹೇಳಿದ್ರು,” ಎಂದರು ದಫೇದಾರರು. “ಊರಿಗೆಲ್ಲ ಕೊಳ ಕಟ್ಟಿಕೊಟ್ಟೋನು.”

“ಬಂದಿದ್ರೂ ಅಷ್ಟೇ. ಎಲ್ಲಿ ಈಜ್ತಾರೆ, ಅದರೊಳಗೆ?”

ಆಗ ಒಡತಿಯ ಮಗಳು ಜಗಲಿಗೆ ಬಂದಳು. ಮೂವತ್ತರ ಆಸುಪಾಸು, ಬಾಚದ ತಲೆ, ಯಾರದೋ ಅಂಗಿಯಂತೆ ಜೋಲುವ ಉಡುಪು. ಬಟ್ಟೆಯ ಮೇಲೆ ಮಲಗಿಸಿದ್ದ ಶವವನ್ನು ಬಾಗಿ ನೋಡಿದಳು. ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ಒಳ್ಳೇದಾಯ್ತು,” ಎಂದಳು. “ನೀರು ಕುಡಿದಾಗ ಹೇಗಿರುತ್ತೆ ಅಂತ ಗೊತ್ತಾಯ್ತಲ್ಲ.”

ಪಂಚರಿಬ್ಬರೂ ಆ ಮಾತು ಕೇಳಿದರು. ಒಡತಿ ಎದ್ದು ಬಂದು ಮಗಳ ಬಾಯಿಗೆ ಕೈ ಅಡ್ಡ ಹಿಡಿದರು. “ಸುಮ್ಮನಿರು ಪುಟ್ಟಿ. ನನಗೆ ನಿನ್ನ ಬಿಟ್ರೆ ಯಾರಿದ್ದಾರೆ ಹೇಳು.”

ಪ್ರಕರಣ ಕೊಲೆಯೆಂದು ಬದಲಾಯಿತು. ಮಗಳನ್ನು ಅಲ್ಲೇ ಊಟದ ಮನೆಯಲ್ಲಿ ಕೂರಿಸಿ ವಿಚಾರಿಸಿದರು.

“ಭಾನುವಾರ ಎಲ್ಲಿದ್ರಿ?”

“ಮಗು ಹತ್ರ.”

“ಅಂದ್ರೆ?”

“ಮಣ್ಣು ಮಾಡಿದ್ದೀವಲ್ಲ, ಅಲ್ಲಿ. ಬೆಳಗ್ಗೆ ಹೋದೋಳು ಸಂಜೆ ಬಂದೆ.”

“ನಿಮ್ಮನ್ನ ಅಲ್ಲಿ ಯಾರಾದ್ರೂ ನೋಡಿದ್ದಾರಾ?”

“ಅಲ್ಲಿರೋರು ಯಾರೂ ಸಾಕ್ಷಿ ಹೇಳೋಕೆ ಬರಲ್ಲ ಸಾರ್.”

“ಅವರನ್ನ ಕೊಲ್ತೀನಿ ಅಂತ ನ್ಯಾಯಾಲಯದ ಬಾಗಿಲಲ್ಲಿ ಕೂಗಿದ್ರಂತೆ.”

“ಕೂಗಿದ್ದೆ. ಬೇರೆ ಯಾರೋ ಮುಂಚೆ ಮಾಡಿಬಿಟ್ರು.”

ಮೇಲಧಿಕಾರಿಗೆ ಫೋನಿನಲ್ಲಿ ಇಷ್ಟನ್ನು ತಿಳಿಸಿದಾಗ ಅವರು ಇನ್ನೇನು ಬೇಕೆಂದು ಕೇಳಿದರು. ಸೂರ್ಯ ಮುಳುಗುವ ಮೊದಲು ಮಗಳ ಬಂಧನವಾಯಿತು. ಮರುದಿನ ಸಂಜೆಯೊಳಗೆ ಆಕೆಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅಲ್ಲಿಂದ ಜೈಲು. ಇಂಥ ಸಾಕ್ಷಿಯಿದ್ದರೆ ಹೊರಗೆ ಬರುವುದು ಎಂದೋ ಏನೋ.

ಒಡತಿ ಠಾಣೆಯವರೆಗೂ ಹಿಂದೆಯೇ ಬಂದರು. ಬದಲಿ ಬಟ್ಟೆ ತಂದಿದ್ದರು, ಬಾಚಣಿಗೆ ತಂದಿದ್ದರು. ಕಂಬಿಯ ಸಂದಿನಲ್ಲಿ ಕೈ ತೂರಿಸಿ ಮಗಳ ಸಿಕ್ಕುಗಟ್ಟಿದ ಕೂದಲನ್ನು ಎಳೆಎಳೆಯಾಗಿ ಬಿಡಿಸಿದರು. ಮಗಳು ಕಂಬಿಗೆ ಬೆನ್ನು ಕೊಟ್ಟು ಚಿಕ್ಕ ಹುಡುಗಿಯಂತೆ ಕೂತಿದ್ದಳು.

“ಹೆದರ್ಬೇಡ. ನಾನಿದ್ದೀನಲ್ಲ.”

“ನೀನು ಊಟ ಮಾಡಿದ್ಯಾ ಅಮ್ಮ?”

“ನಿನ್ನ ಬಿಟ್ಟು ಹೇಗೆ ಉಣ್ಣಲಿ?”

ಮಹಿಳಾ ಕಾನ್‌ಸ್ಟೇಬಲ್‌ಗೆ ಕಣ್ಣು ತುಂಬಿತು. “ಹೆತ್ತ ಕರುಳು ನೋಡಿ,” ಎಂದಳು. ದಫೇದಾರರು ಹೂಂಗುಟ್ಟಿದರು.

ಇನ್ಸ್‌ಪೆಕ್ಟರನ್ನು ಸತ್ತವರ ಹೆಂಡತಿಯ ಮೊದಲ ಮಾತು ಬಿಟ್ಟುಹೋಗಲೊಲ್ಲದು. ತೋರಿಸಬೇಕು ಎಂದು ಹೊರಟಿದ್ದರು. ಅಲ್ಲಿ ಏನಿತ್ತು ತೋರಿಸುವುದಕ್ಕೆ?

ಬುಧವಾರ ಬೆಳಗ್ಗೆ ವಿನ್ಯಾಸಗಾರರ ಮನೆಗೆ ಹೋದರು. ಕೆಲಸದ ಕೋಣೆಯಲ್ಲಿ ಹಲಗೆಗಳ ಮೇಲೆ ಜೇಡಿಮಣ್ಣಿನ ಮಾದರಿಗಳು ಸಾಲಾಗಿದ್ದವು. ಹಳೆಯ ಮರವೊಂದರ ಬೇರುಗಳ ನಡುವೆ ಬೆರಳು ಚಾಚಿದಂತೆ ಹರಡಿದ ಕೊಳ. ಎರಡು ಎತ್ತರದ ಗೋಡೆಗಳ ಮಧ್ಯೆ ಓಣಿಯಂತೆ ನೀಳವಾದ ಕೊಳ. ಬಂಡೆಯ ಇಳಿಜಾರಿನಲ್ಲಿ ಒಂದರಿಂದ ಒಂದಕ್ಕೆ ಇಳಿಯುವ ಮೂರು ಮರಿಕೊಳಗಳು. ಒಂದರಂತೆ ಇನ್ನೊಂದಿಲ್ಲ. ಮೂಲೆಯಲ್ಲಿ ಸುತ್ತಿಟ್ಟ ದಪ್ಪ ಹಗ್ಗವಿತ್ತು.

“ಇದು ಯಾಕೆ?”

“ಆಕಾರ ಹಾಕೋಕೆ,” ಎಂದರು ಹೆಂಡತಿ. “ಕಾಗದದ ಮೇಲೆ ಮೊದಲು ಬರೀತಿರ್ಲಿಲ್ಲ. ಮನೆಯೋರನ್ನ ಅವರು ದಿನಾ ಕೂರೋ ಜಾಗದಲ್ಲಿ ಕೂರಿಸೋದು. ಎದುರಿಗೆ ನೆಲದ ಮೇಲೆ ಹಗ್ಗ ಹಾಸೋದು. ಅವರು ಸರಿ ಅನ್ನೋವರೆಗೂ ಎಳೆದು ಎಳೆದು ತಿದ್ದೋದು. ನೀರಿಗೆ ತನ್ನದು ಅಂತ ಆಕಾರ ಇಲ್ಲ, ಜಾಗ ಕೊಟ್ಟಿದ್ದೇ ಅದರ ಆಕಾರ ಅಂತಿದ್ರು. ದಿಬ್ಬದ ಮನೇಲಿ ಆ ಅಮ್ಮ ಮೂರು ದಿನ ಕೂತ ಕಡೆಯಿಂದ ಏಳದೆ ಹಗ್ಗ ತಿದ್ದಿಸಿದ್ರಂತೆ.”

ಆ ಕೊಳದ ಮಾದರಿ ಕಿಟಕಿಯ ಬಳಿ ಇತ್ತು. ಇನ್ಸ್‌ಪೆಕ್ಟರ್ ಎತ್ತಿಕೊಂಡು ಬೆಳಕಿಗೆ ಹಿಡಿದರು. ಕೆರೆಯ ಕಡೆಯ ಬಾಗು ಸರಿಯಾಗಿತ್ತು, ಜಗಲಿಯೂ ಸರಿಯಾಗಿತ್ತು. ಜಗಲಿಗೂ ನೀರಿಗೂ ನಡುವೆ ಮಾತ್ರ ದಂಡೆಯುದ್ದಕ್ಕೂ ತಾಮ್ರದ ತಂತಿ ಬಗ್ಗಿಸಿ ನಿಲ್ಲಿಸಿತ್ತು.

“ಇದು?”

“ರೇಲಿಂಗು.”

“ಅಲ್ಲಿ ರೇಲಿಂಗ್ ಇಲ್ಲ.”

“ಇಲ್ವಾ?” ಅವರು ನಿಜವಾಗಿ ಬೆರಗಾದರು. “ಈ ತಂತಿ ಬಗ್ಗಿಸಿದ್ದು ನಾನೇ ಸಾರ್. ಮಕ್ಕಳು ಬರೋ ಮನೆ, ಅವರ ಎದೆ ಮಟ್ಟಕ್ಕಿರಲಿ ಅಂದಿದ್ರು.”

ಮಧ್ಯಾಹ್ನ ಹನ್ನೆರಡಕ್ಕೆ ಮೂವರು ಪೊಲೀಸರೂ ಮತ್ತೆ ದಿಬ್ಬದ ಮೇಲಿದ್ದರು. ಒಡತಿ ವಕೀಲರನ್ನು ನೋಡಲು ಪೇಟೆಗೆ ಹೋಗಿದ್ದರು. ಜಗಲಿಯ ಕಡೆಯ ದಂಡೆಯಲ್ಲಿ ಗಿಡ್ಡ ಕರಿಯ ಹೂಕುಂಡಗಳನ್ನು ದೂರದೂರಕ್ಕೆ ಇಟ್ಟಿತ್ತು. ಮಂಗಳವಾರವೂ ಇದ್ದವು; ಕೆರೆ ನೋಡುತ್ತ ಅವುಗಳ ಸಂದಿನಲ್ಲೇ ನಡೆದಿದ್ದ ಇನ್ಸ್‌ಪೆಕ್ಟರ್ ಗಮನಿಸಿರಲಿಲ್ಲ. ಕುಂಡಗಳೆಲ್ಲ ಹೊಸವು, ಒಂದರಿಂದ ಒಂದಕ್ಕೆ ಒಂದೇ ಅಂತರ. ಇನ್ಸ್‌ಪೆಕ್ಟರ್ ಮೊದಲನೆಯದನ್ನು ಸರಿಸಿದರು. ಅಡಿಯಲ್ಲಿ, ಕಲ್ಲಿನಲ್ಲಿ, ಮುಷ್ಟಿಯಗಲದ ದುಂಡು ತೇಪೆ. ಗಾರೆಗೆ ಕರಿಬಣ್ಣ ಕಲಸಿದ್ದರು, ಆದರೆ ಇನ್ನೂ ಪೂರ್ತಿ ಒಣಗಿರಲಿಲ್ಲ. ಎರಡನೆಯ ಕುಂಡದಡಿಯಲ್ಲೂ ಅದೇ. ಮೂರನೆಯದರಲ್ಲೂ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ,” ಎಂದರು ದಫೇದಾರರು. “ಇಲ್ಲಿ ಕಳ್ಳ ಅಂತ ಕೂಡ ಯಾರೂ ಅಂದಿರ್ಲಿಲ್ಲ.”

ತೋಟದವನನ್ನು ಕರೆದರು. ತೇಪೆ ಹಾಕಿದ ಗಾರೆ ಕೆಲಸದವನು ಹತ್ತಿರದ ಬೀದಿಯವನೇ. ಸೋಮವಾರ ಅಮ್ಮ ಕರೆಸಿದ್ದರು, ತೂತುಗಳಲ್ಲಿ ಇರುವೆ ಗೂಡು ಕಟ್ಟುತ್ತವೆ ಎಂದಿದ್ದರು.

“ಯಾವ ತೂತು?”

ತೋಟದವನು ಹೆಬ್ಬೆರಳಿನಿಂದ ನೆಲ ಕೆರೆದ. ದಫೇದಾರರು ಅವನನ್ನು ಬಿಟ್ಟು ಮನೆಯ ಹಿಂದಕ್ಕೆ ಹೋದರು. ಮರಳಿ ಬಂದಾಗ ಅವರ ಮುಖ ಬಿಳುಪೇರಿತ್ತು.

“ಸಾರ್, ಬನ್ನಿ ಸ್ವಲ್ಪ.”

ಅಡುಗೆಮನೆಯ ಹಿಂದೆ ಬದನೆ ಗಿಡಗಳ ಪಾತಿಯಿತ್ತು. ಸುತ್ತಲೂ ಕಪ್ಪು ಬಣ್ಣದ ಕಬ್ಬಿಣದ ಬೇಲಿ, ಮಗುವಿನ ಎದೆಯಷ್ಟು ಎತ್ತರ. ತುಂಬ ನಯವಾಗಿ ಬಾಗಿದ ಬೇಲಿ. ತರಕಾರಿ ಪಾತಿಗೆ ಅಂಥ ಬಾಗು ಏಕೆ ಬೇಕೆಂದು ಯಾರೂ ಕೇಳಿಕೊಂಡಿರಲಿಲ್ಲ.

“ಆಡು ನುಗ್ತಾವೆ ಅಂತ ಹಾಕಿದ್ದು,” ಎಂದ ತೋಟದವನು.

“ಎಲ್ಲಿಂದ ತಂದಿದ್ದು?”

“ಸಾರ್, ನಾನು ಈ ಮನೆ ಅನ್ನ ತಿನ್ನೋನು.”

“ಅನ್ನ ಆಮೇಲೆ. ಎಲ್ಲಿಂದ ತಂದಿದ್ದು?”

ಅವನು ಹೇಳಿದ. ಕೊಳ ಮುಗಿದಾಗ ಇದು ದಂಡೆಯ ಮೇಲಿತ್ತು. ಕುರ್ಚಿಯಲ್ಲಿ ಕೂತರೆ ಕೆರೆಯ ಮೇಲೆ ಯಾರೋ ಇದ್ದಲಿನಿಂದ ಗೀಟು ಎಳೆದಂತೆ ಕಾಣುತ್ತದೆಂದು ಅಮ್ಮ ವಾರದೊಳಗೆ ಕೀಳಿಸಿದರು. ವಿನ್ಯಾಸದವರು ಬಂದು ದೊಡ್ಡ ಗಲಾಟೆ ಮಾಡಿದರು. ಬೇಡ ಅಮ್ಮ, ಇದು ನೆಲದ ಹಾಗೇ ಕಾಣುತ್ತೆ, ಯಾರಾದರೂ ನಡೆದುಬಿಡುತ್ತಾರೆ ಎಂದರು. ಮನೆ ನನ್ನದು, ಕಣ್ಣು ನನ್ನದು ಎಂದರು ಅಮ್ಮ. ಮಗಳು ಆಗ ಗಂಡನ ಊರಿನಲ್ಲಿದ್ದಳು. ರಜೆಗೆ ಮಗುವನ್ನು ಕರೆದುಕೊಂಡು ಬಂದಾಗ ದಂಡೆ ಬರಿದಾಗಿತ್ತು.

“ಮಗು ಹೇಗೆ ಹೋಯ್ತು, ನೀನು ನೋಡಿದ್ಯಾ?”

“ನಡ್ಕೊಂಡೇ ಹೋಯ್ತು ಸಾರ್. ನೆಲ ಅಂದ್ಕೊಂಡು. ಸದ್ದೇ ಆಗ್ಲಿಲ್ಲ.”

“ಆವತ್ತು ಇದನ್ನೆಲ್ಲ ಯಾಕೆ ಹೇಳ್ಲಿಲ್ಲ?”

“ಯಾರೂ ಕೇಳ್ಲಿಲ್ಲ.”

ದಫೇದಾರರು ಬದನೆ ಗಿಡಗಳ ಕಡೆಗೆ ತಿರುಗಿ ನಿಂತರು. ಕೊಳಕ್ಕೆ ತಡೆ ಇರಲಿಲ್ಲ ಎಂದಷ್ಟೇ ಅವರು ಅಂದು ಬರೆದಿದ್ದರು.

ಪಂಚರ ಮುಂದೆ ಮೂರು ತೇಪೆಗಳನ್ನು ಉಳಿಯಿಂದ ಬಿಡಿಸಿದರು. ಬೇಲಿಯ ಒಂದು ತುಂಡನ್ನು ಕಿತ್ತು ತಂದು ಕಂಬಗಳ ಕಾಲುಗಳನ್ನು ತೂತುಗಳಿಗೆ ಇಳಿಸಿದರು. ಬೀಗಕ್ಕೆ ಕೀಲಿಕೈ ಕೂತಂತೆ ಕೂತವು. ತಂದು ನಿಲ್ಲಿಸಿದ್ದೇ ತಡ, ಇಷ್ಟು ಹೊತ್ತು ಒಂದೇ ನೀರಾಗಿ ಕಂಡದ್ದು ಎರಡಾಯಿತು: ಇತ್ತ ಕೊಳ, ಅತ್ತ ಕೆರೆ.

ತೋಟದವನು ಉಳಿದದ್ದನ್ನೂ ಹೇಳಿದ. ತೊಟ್ಟಿ ಖಾಲಿ ಮಾಡು ಎಂದು ಶನಿವಾರ ಅಮ್ಮ ಹೇಳಿದ್ದರು. ಭಾನುವಾರ ಅವನನ್ನು ದೂರದ ಸಂತೆಗೆ ಕಳಿಸಿದ್ದರು. ಸಂಜೆ ಬಂದಾಗ ತೊಟ್ಟಿಯ ಮುಚ್ಚಳದ ಅಗುಳಿ ತೆಗೆದಿತ್ತು; ಅವನು ಹಾಕಿದ.

“ನೀನು ಹಾಕಿದ್ದಾ? ಯಾಕೆ?”

“ಮಗು ಹೋದ ಮೇಲೆ ಈ ಮನೇಲಿ ಒಂದು ಮುಚ್ಚಳಕ್ಕೂ ಅಗುಳಿ ತೆಗೆದಿರ್ಬಾರ್ದು ಸಾರ್. ತೆಗೆದಿದ್ದು ಕಂಡ್ರೆ ಕೆಲಸ ಬಿಡಿಸ್ತೀನಿ ಅಂತ ಅಮ್ಮನೇ ಹೇಳಿದ್ದು.”

“ಊರು ಸೂರೆಯಾದ ಮೇಲೆ ಕೋಟೆ ಬಾಗಿಲು,” ಎಂದರು ದಫೇದಾರರು ಮೆಲ್ಲಗೆ.

ಮೂರಕ್ಕೆ ಒಡತಿ ಪೇಟೆಯಿಂದ ಬಂದರು. ದಂಡೆಯ ಮೇಲೆ ನಿಂತಿದ್ದ ಕಂಬಿಯನ್ನು ನೋಡಿದರು. ಓಡಲಿಲ್ಲ, ಕೂಗಲಿಲ್ಲ. ತಮ್ಮ ಕುರ್ಚಿಗೆ ಹೋಗಿ ಕೂತು, ಕಣ್ಣು ಕಿರಿದು ಮಾಡಿ ನೋಡಿದರು.

“ಹೇಳಿದ್ನಲ್ಲ,” ಎಂದರು. “ಎಷ್ಟು ವಿಕಾರ.”

ಇನ್ಸ್‌ಪೆಕ್ಟರ್ ಎದುರಿಗೆ ಕೂತರು.

“ಅವರು ಬಂದು ಏನಂದ್ರು?”

“ಮಗಳು ಬರೋವರೆಗೂ ಕಾಯ್ತೀನಿ, ತೂತು ತೋರಿಸ್ತೀನಿ ಅಂದ್ರು. ವರ್ಷದ ಹಿಂದೆ ನಾನು ಅವರ ಕಾಲು ಹಿಡ್ಕೊಂಡಿದ್ದೆ, ಹೇಳ್ಬೇಡಿ ಅಂತ. ಅಯ್ಯೋ ಪಾಪ ಅಂತ ಒಪ್ಪಿದ್ರು. ಹೆಸರು ಕೆಟ್ಟು ಕೆಲಸ ತಪ್ಪಿದಾಗ್ಲೂ ಸುಮ್ಮನಿದ್ರು. ದಾವೆ ಬಂದ ಮೇಲೆ ಅವರಿಗೆ ತಡೀಲಿಲ್ಲ. ಬರ್ತೀನಿ ಅಂತ ಶುಕ್ರವಾರವೇ ಫೋನ್ ಮಾಡಿದ್ರು.”

“ಶನಿವಾರ ತೊಟ್ಟಿ ಖಾಲಿ ಮಾಡಿಸಿದ್ರಿ.”

“ಹೂಂ.”

“ಅವರು ಇಳಿದಿದ್ದು ಯಾಕೆ?”

“ಸೀಳು ಬಿಟ್ಟಿದೆ, ನೀರು ಸೋರುತ್ತೆ ಅಂದೆ. ತಾನು ಮಾಡಿದ ಕೆಲಸ ಕೆಟ್ಟಿದೆ ಅಂದ್ರೆ ಕೇಳ್ಕೊಂಡು ಸುಮ್ಮನಿರೋ ಜನ ಅಲ್ಲ ಅದು. ಬೂಟು, ಫೋನು ಮೇಜಿನ ಮೇಲಿಟ್ಟು ಇಳಿದ್ರು.”

“ಆಮೇಲೆ?”

“ಮುಚ್ಚಿದೆ. ನೀರು ಬಿಟ್ಟೆ.”

“ಅವರು ಕೂಗಲಿಲ್ವಾ?”

“ಮೊದಲು ಮುಚ್ಚಳ ತಾನಾಗೇ ಬಿತ್ತು ಅಂದ್ಕೊಂಡ್ರು. ಅಮ್ಮಾ, ಮುಚ್ಚಿಕೊಂಡಿದೆ, ಸ್ವಲ್ಪ ತೆಗೀರಿ ಅಂದ್ರು. ಆಮೇಲೆ ನೀರು ಬರ್ತಿದೆ ಅಮ್ಮಾ ಅಂದ್ರು. ಆಮೇಲೆ ಬರೀ ಅಮ್ಮಾ, ಅಮ್ಮಾ.”

“ನೀವು ಎಲ್ಲಿದ್ರಿ?”

“ಇಲ್ಲೇ. ಕೂತಿದ್ದೆ.”

ಮಹಿಳಾ ಕಾನ್‌ಸ್ಟೇಬಲ್‌ನ ಕೈಯಲ್ಲಿದ್ದ ಪೆನ್ನು ನಿಂತಿತು. ಇನ್ಸ್‌ಪೆಕ್ಟರ್ ಬರೆಯುವಂತೆ ಸನ್ನೆ ಮಾಡಿದರು.

“ಅಗುಳಿ ಯಾವಾಗ ತೆಗೆದ್ರಿ?”

“ಸಂಜೆ. ಜಾರಿ ಬಿದ್ರು ಅನ್ನೋ ಹಾಗಿರಲಿ ಅಂತ. ಮತ್ತೆ ಯಾರು ಹಾಕಿದ್ರೋ ಕಾಣೆ.”

“ನಿಮ್ಮ ಅಪ್ಪಣೆ ಪಾಲಿಸೋನು ಹಾಕಿದ.”

ಒಡತಿ ತಲೆಯಾಡಿಸಿದರು. ಅದನ್ನು ಯೋಚಿಸಿರಲಿಲ್ಲ.

“ಮಗಳು ನಿನ್ನೆಯಿಂದ ಕಂಬಿ ಹಿಂದೆ ಇದ್ದಾಳೆ. ಸಂಜೆ ಜೈಲಿಗೆ ಹೋಗ್ತಿದ್ಲು. ನೀವು ಬಂದು ತಲೆ ಬಾಚಿ ಹೋದ್ರಿ. ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?”

“ಸಾಕ್ಷಿ ಸಾಲದು, ಬಿಟ್ಟುಬಿಡ್ತಾರೆ ಅಂತ ವಕೀಲರು ಹೇಳಿದ್ರು.”

“ಬಿಡದೇ ಹೋಗಿದ್ರೆ?”

ಒಡತಿ ಮಾತು ಹುಡುಕಿಕೊಂಡರು. ಮರೆಮಾಚುವುದಕ್ಕಲ್ಲ, ಸರಿಯಾಗಿ ಹೇಳುವುದಕ್ಕೆ.

“ಜೈಲಲ್ಲಿದ್ರೂ ಮಗಳು ಮಗಳೇ ಸಾರ್. ವಾರವಾರ ಹೋಗಿ ನೋಡ್ತಿದ್ದೆ. ಅವಳು ನನ್ನ ದಾರಿ ಕಾಯ್ತಿದ್ಲು. ಅಮ್ಮ ಅಂತಿದ್ಲು. ಹೊರಗಿದ್ದು ಆ ತೂತು ನೋಡಿದ್ರೆ, ಆಮೇಲೆ ನನ್ನನ್ನ ಏನಂತ ಕರೀತಿದ್ಲು?”

ಒಡತಿ ಮುಂದೆ ಬಾಗಿದರು.

“ಒಂದು ಉಪಕಾರ ಮಾಡಿ. ಮೊಮ್ಮಗಳ ಸೇಡು ತೀರಿಸ್ಕೊಂಡೆ ಅಂತ ಬರ್ಕೊಳ್ಳಿ. ನೇಣಿಗಾದ್ರೂ ಹಾಕಿ. ಆ ಬೇಲಿ ವಿಷಯ ಬರೀಬೇಡಿ.”

“ಅದು ನನ್ನ ಕೈಯಲ್ಲಿಲ್ಲ.”

“ಎಲ್ಲ ನಿಮ್ಮ ಕೈಯಲ್ಲೇ ಇದೆ. ಪೆನ್ನು ಯಾರ ಕೈಯಲ್ಲಿದೆ?”

ಇನ್ಸ್‌ಪೆಕ್ಟರ್ ಎದ್ದರು. ಸತ್ತವರ ಬೂಟು ಮತ್ತು ಫೋನನ್ನು ಒಡತಿಯೇ ಒಳಕೋಣೆಯ ಹಾಸಿಗೆ ಪೆಟ್ಟಿಗೆಯಿಂದ ತೆಗೆದುಕೊಟ್ಟರು. ಅವುಗಳಿಗೂ ಪಂಚನಾಮೆಯಾಯಿತು. ಪೊಲೀಸರ ಮುಂದಿನ ಮಾತು ನ್ಯಾಯಾಲಯದಲ್ಲಿ ನಿಲ್ಲದಿದ್ದರೂ ಈ ಬೂಟುಗಳು ನಿಲ್ಲುತ್ತಿದ್ದವು. ನಾಲ್ಕೂವರೆಗೆ ಬಂಧನ ದಾಖಲಾಯಿತು.

ಠಾಣೆಯಲ್ಲಿ, ಮಗಳನ್ನು ಬಿಡುಗಡೆ ಮಾಡುವಂತೆ ಕೋರುವ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗಿ ಸಹಿಯಾಗಿ ಬಂತು. ಆಕೆಯನ್ನು ಹೊರಗೆ ಬಿಡುವಾಗ ಒಡತಿಯನ್ನು ವ್ಯಾನಿಗೆ ಕರೆದೊಯ್ಯುತ್ತಿದ್ದರು. ಹಜಾರದಲ್ಲಿ ಇಬ್ಬರೂ ಎದುರಾದರು. ಯಾರೋ ಆಗಲೇ ಅರ್ಧ ಸುದ್ದಿ ಮುಟ್ಟಿಸಿದ್ದರು.

“ಅಮ್ಮ. ಪಾಪುಗೋಸ್ಕರ ಮಾಡಿದ್ಯಾ?”

ಒಡತಿ ತೋಳು ಚಾಚಿದರು. ಮಗಳು ಅಪ್ಪಿಕೊಂಡು, ಒಂದು ವರ್ಷದಿಂದ ಅಳದವಳು, ಗಟ್ಟಿಯಾಗಿ ಅತ್ತಳು. “ನಾನು ಬರೀ ಬಾಯಲ್ಲಿ ಅಂದೆ. ನೀನು ಮಾಡ್ದೆ. ನನಗಿಂತ ನಿನಗೇ ಜಾಸ್ತಿ ಉರೀತಿತ್ತು, ನನಗೆ ಗೊತ್ತಾಗ್ಲೇ ಇಲ್ಲ ಅಮ್ಮ.” ಒಡತಿ ಅವಳ ಬೆನ್ನು ಸವರುತ್ತ, ಹೆಗಲ ಮೇಲಿಂದ ಇನ್ಸ್‌ಪೆಕ್ಟರನ್ನು ನೋಡುತ್ತಿದ್ದರು. ಮಹಿಳಾ ಕಾನ್‌ಸ್ಟೇಬಲ್ ಬಿಡಿಸುವವರೆಗೂ ಕಣ್ಣು ಕದಲಿಸಲಿಲ್ಲ.

ವ್ಯಾನಿನ ಬಾಗಿಲು ಮುಚ್ಚಿದ ಮೇಲೆ ಮಗಳು ಮುಖ ಒರೆಸಿಕೊಂಡು ಇನ್ಸ್‌ಪೆಕ್ಟರ ಕೋಣೆಗೆ ಬಂದಳು.

“ಸಾರ್, ಒಳ್ಳೇ ವಕೀಲರನ್ನ ಇಡ್ತೀನಿ. ಮಗು ಹೋದ ಸಂಕಟದಲ್ಲಿ ಮಾಡಿದ್ದು ಅಂದ್ರೆ ನ್ಯಾಯಾಧೀಶರು ಕರುಣೆ ತೋರಿಸಲ್ವಾ? ನಾನೇ ಸಾಕ್ಷಿ ಹೇಳ್ತೀನಿ.”

ದಫೇದಾರರು ಇನ್ಸ್‌ಪೆಕ್ಟರ ಕಡೆ ನೋಡಿದರು. ಇಂದು ಬೇಡ ಎಂಬಂತೆ ತಲೆಯಾಡಿಸಿದರು. ಇನ್ಸ್‌ಪೆಕ್ಟರಿಗೂ ಹಾಗೆಯೇ ಅನ್ನಿಸಿತ್ತು. ಆದರೆ ಆರೋಪಪಟ್ಟಿಯನ್ನು ಓದುವವರು ಬೇರೆಯವರು. ಅಷ್ಟು ಜನರ ನಡುವೆ, ಕಟಕಟೆಯ ಪಕ್ಕದಲ್ಲಿ ನಿಂತು ಇವಳು ಕೇಳಬೇಕಾಗುತ್ತಿತ್ತು.

“ಕೂತ್ಕೊಳ್ಳಿ ಅಮ್ಮ,” ಎಂದರು.

ಹೇಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವಳು ಮುಗಿದ ಮೇಲೆ ಕೇಳಿದಳು:

“ಬದನೆ ಪಾತಿ ಸುತ್ತ ಇದೆಯಲ್ಲ, ಅದಾ?”

“ಅದೇ.”

“ಅದರ ಮೇಲೆ ಪಾಪು ಬಟ್ಟೆ ಒಣಗ್ಹಾಕ್ತಿದ್ದೆ ಸಾರ್.”

ಹೊರಗೆ ವ್ಯಾನು ಚಾಲೂ ಆಗಿ, ಕಾಗದವೊಂದು ಬರಬೇಕೆಂದು ಮತ್ತೆ ನಿಂತಿತು. ಅವಳು ಆ ಸದ್ದಿಗೆ ತಲೆ ಎತ್ತಿದಳು.

“ಅವರು ಇನ್ನೂ ಇಲ್ಲೇ ಇದ್ದಾರಾ?”

“ಮುಂದೆ, ವ್ಯಾನಲ್ಲಿ.”

“ಈ ಠಾಣೆಗೆ ಹಿಂದೆ ಬಾಗಿಲಿದೆಯಾ?”

ಮಹಿಳಾ ಕಾನ್‌ಸ್ಟೇಬಲ್ ಅವಳನ್ನು ಹಿಂದಿನಿಂದ ಬೀದಿಗೆ ಬಿಟ್ಟು ಬಂದಳು.

ಮುಂದೆ ಆರೋಪಪಟ್ಟಿಯಲ್ಲಿ ಉದ್ದೇಶ ಎಂಬುದರ ಎದುರು ದಫೇದಾರರು ತಮ್ಮ ದುಂಡು ಅಕ್ಷರದಲ್ಲಿ ಬರೆದರು: ಮಗಳಿಗೆ ನಿಜ ತಿಳಿಯಬಾರದೆಂಬ ಭಯ. ಆ ಮನೆಯಲ್ಲಿ ಒಡತಿ ವರ್ಷವಿಡೀ ಮಗುವನ್ನು ದೇವರು ಕರೆದುಕೊಂಡ ಎನ್ನುತ್ತಿದ್ದರು. ಹೊರಿಸಿದ್ದನ್ನು ಹೊತ್ತುಕೊಂಡು ಸುಮ್ಮನಿರುವುದು ದೇವರೊಬ್ಬನೇ. ಮನುಷ್ಯನಾದ ವಿನ್ಯಾಸಗಾರನಿಗೆ ಒಂದು ವರ್ಷಕ್ಕಿಂತ ಹೆಚ್ಚು ಅದು ಸಾಧ್ಯವಾಗಲಿಲ್ಲ.

ಆ ಸಂಜೆ ವ್ಯಾನು ಹೊರಡುವವರೆಗೂ ಒಡತಿ ಜಾಲರಿಗೆ ಮುಖ ಆನಿಸಿ ಠಾಣೆಯ ಮುಂಬಾಗಿಲನ್ನೇ ನೋಡುತ್ತಿದ್ದರು. ಹೋಗುವ ಮುನ್ನ ಕಾವಲಿನವನನ್ನು ಒಂದೇ ಮಾತು ಕೇಳಿದರು: ಹುಡುಗಿ ಬೆಳಗ್ಗೆಯಿಂದ ಏನೂ ತಿಂದಿಲ್ಲ, ಯಾರಾದರೂ ಊಟ ಕೊಟ್ಟರೇ?